ಇಪ್ಪತ್ತನೆಯ ಹೆಬ್ಬೆಟ್ಟು

ಬಡಿಗೇರ ಓಣಿ ಸರ್ಕಾರ,
ಫೆಬ್ರುವರಿ ಮೂವತ್ತೊಂದು, ಹಂಚಿಕೆಯಾದ ತೊಂಬತ್ತೆರಡನೆಯ ವರ್ಷ, ಮಧ್ಯಾಹ್ನ

ಹಿರಿಯರಾದ ಕಾಳವ್ವ ಬಡಿಗೇರ ಅವರಿಗೆ ನಿಮ್ಮ ಏಳನೆಯ ತಲೆಮಾರಿನ ಶಾವಂತ್ರೆವ್ವ ಮಾಡುವ ಶರಣು.

ಮೇಲಿನ ತಾರೀಕು ನೋಡಿ ಗಾಬರಿಯಾಗಬೇಡಿ. ನನಗೆ ತಲೆ ಕೆಟ್ಟಿಲ್ಲ. ನಮ್ಮಲ್ಲಿ ದಿನ ಎಣಿಸುವ ಅಧಿಕಾರವೂ ಓಣಿಗೇ ಬಂದಿದೆ. ಮಾರ್ಚ್ ಬರುವುದರೊಳಗೆ ಮುಗಿಯಬೇಕಾದ ಕೆಲಸ ಯಾವ ವರ್ಷವೂ ಮುಗಿಯದ್ದರಿಂದ ನಮ್ಮ ಹಿರಿಯರು ಫೆಬ್ರುವರಿಗೆ ಮೂರು ದಿನ ಸೇರಿಸಿ ಠರಾವು ಮಾಡಿದರು. ಗಟಾರದ ಆಚೆಯ ಓಣಿಯಲ್ಲಿ ಇವತ್ತು ಮಾರ್ಚ್ ಮೂರು. ಕೆಲಸವಂತೂ ಈಗಲೂ ಮುಗಿಯುವುದಿಲ್ಲ, ಅದು ಬೇರೆ ಮಾತು. ನನ್ನ ಬರಹದಲ್ಲಿ ನಿಮಗೆ ಗೊತ್ತಿಲ್ಲದ ಶಬ್ದಗಳು ಬರುತ್ತವೆ, ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಇನ್ನೊಂದು ಮಾತು. ಸಂಬಂಧದಲ್ಲಿ ನೀವು ನನಗೆ ಅಜ್ಜಿಯ ಅಜ್ಜಿಗಿಂತ ಮೇಲಿನವರು, ಆದರೆ ನನಗೀಗ ಅರವತ್ತೆರಡು, ನಿಮಗಿನ್ನೂ ನಲವತ್ತು. ಆದ್ದರಿಂದ ಎಲ್ಲಿಯಾದರೂ ಬಾಯಿ ಜೋರಾದರೆ ಹೊಟ್ಟೆಗೆ ಹಾಕಿಕೊಳ್ಳಿ. ಮೂವತ್ತು ವರ್ಷ ಈ ಓಣಿಯ ಹಾಜರಿ ಕೂಗಿ ಕೂಗಿ ನನ್ನ ದನಿಯೇ ಹಾಗಾಗಿದೆ.

ಈ ಕಾಗದ ನಿಮಗೆ ಎಲ್ಲಿ ಸಿಕ್ಕಿತು ಎಂಬುದು ನನಗೆ ಗೊತ್ತು. ಸಮುದಾಯ ಭವನದ ಗೋಡೆಗೆ ಬಡಿದ ಹಸಿರು ಬಣ್ಣದ ಅರ್ಜಿ ಪೆಟ್ಟಿಗೆಯಲ್ಲಿ. ಅದರ ಕೀಲಿ ನಿಮ್ಮ ಸೊಂಟದಲ್ಲಿದೆ, ಏಕೆಂದರೆ ನೀವು ಆ ವಾರ್ಡಿನ ಸದಸ್ಯೆ. ಸಭೆಗೆ ಬರುವ ವಿಷಯವೆಲ್ಲ ಪೆಟ್ಟಿಗೆಯ ಮೂಲಕವೇ ಬರಬೇಕೆಂದು ನೀವೂ ಅದರಲ್ಲಿ ನಿಮ್ಮ ಅರ್ಜಿ ಹಾಕಿದ್ದಿರಿ, ಓಣಿಗೊಂದು ನೀರಿನ ನಲ್ಲಿ ಬೇಕೆಂದು. ಈಗ ತೆಗೆದು ನೋಡಿದರೆ ಅರ್ಜಿ ಇಲ್ಲ, ಅದರ ಜಾಗದಲ್ಲಿ ಇದು ಇದೆ. ನಿಮ್ಮ ಅರ್ಜಿ ನನಗೆ ಸಿಕ್ಕಿತು ಕಾಳವ್ವ. ಅದೇ ಪೆಟ್ಟಿಗೆ ಅದೇ ಗೋಡೆಯ ಮೇಲೆ ಈಗಲೂ ಇದೆ. ಬಣ್ಣ ಹೋಗಿ ಬರೀ ತುಕ್ಕು ಉಳಿದಿದೆ. ಮೊನ್ನೆ ಅದರೊಳಗೆ ಕಾಗದ ಬಿದ್ದ ಸದ್ದಾಯಿತು. ಹಾಕಿದವರು ಯಾರೂ ಇರಲಿಲ್ಲ. ತೆಗೆದು ನೋಡಿದರೆ ನಿಮ್ಮ ಅಕ್ಷರ. ಬಾಲ್ ಪೆನ್ನಿನ ಶಾಯಿ ಇನ್ನೂ ಬೆರಳಿಗೆ ಹತ್ತುತ್ತಿತ್ತು. 'ನಮ್ಮ ಅತ್ತೆ ಮಾನವ್ವನವರು ಹಾಸಿಗೆ ಹಿಡಿದಿದ್ದು, ದೂರದಿಂದ ನೀರು ತರುವುದು ಕಷ್ಟವಾಗಿದ್ದು, ಬರುವ ಮಂಗಳವಾರದ ಸಭೆಯಲ್ಲಿ' ಎಂದು ಬರೆದಿದ್ದೀರಿ. ಅರ್ಜಿ ಹಾಕಿದರೆ ಅದು ಎಲ್ಲಿಗೆ ಹೋಗುತ್ತದೋ ಯಾರಿಗೂ ತಿಳಿಯುವುದಿಲ್ಲ ಎಂದು ನಿಮ್ಮ ಕಾಲದ ಜನರು ಗೊಣಗುತ್ತಿದ್ದರಂತೆ. ಒಂದಂತೂ ಇಲ್ಲಿಗೆ ಬಂತು. ಅದನ್ನು ಈ ಕಾಗದದ ಜೊತೆಗೇ ಮಡಚಿ ಅದೇ ಪೆಟ್ಟಿಗೆಗೆ ಹಾಕುತ್ತೇನೆ, ಸಭೆಯಲ್ಲಿ ಓದಲು ನಿಮಗೆ ಬೇಕಾಗುತ್ತದೆ.

ನಮ್ಮ ಕಾಲದ ಸಂಗತಿ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ನಾನು ಕೇಳುವುದು ನಿಮಗೆ ಅರ್ಥವಾಗುವುದಿಲ್ಲ. ನಿಮ್ಮಲ್ಲಿ ಅಧಿಕಾರ ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ, ಅಲ್ಲಿಂದ ಪಂಚಾಯಿತಿಗೆ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತಿತ್ತು. ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಅದು ಪೂರ್ತಿ ಇಳಿದು ಓಣಿಗೆ ಬಂದು ನಿಂತಿತು. ಅದಕ್ಕೇ ನಾವು ಹಂಚಿಕೆ ಎನ್ನುತ್ತೇವೆ. ಈಗ ಒಂದೊಂದು ಓಣಿಯೂ ಒಂದೊಂದು ಸರ್ಕಾರ. ಮೇಲೆ ಯಾರೂ ಇಲ್ಲ. ಇದರಿಂದ ಸುಖವಾಗಿಲ್ಲ ಎಂದರೆ ಸುಳ್ಳಾಗುತ್ತದೆ. ನಲ್ಲಿ ಸೋರಿದರೆ ಚಹಾ ಕುಡಿದು ಮುಗಿಸುವುದರೊಳಗೆ ರಿಪೇರಿಯಾಗುತ್ತದೆ, ಏಕೆಂದರೆ ರಿಪೇರಿ ಮಾಡುವವನ ಹೆಂಡತಿಯೂ ಅದೇ ನಲ್ಲಿಗೆ ಕೊಡ ಹಿಡಿಯಬೇಕು. ಹೊಲದ ಒಂದು ಉತಾರಕ್ಕಾಗಿ ತಾಲೂಕು ಕಚೇರಿಗೆ ಎಡತಾಕಿ ಚಪ್ಪಲಿ ಸವೆಸುವುದು, 'ಸಾಹೇಬ್ರು ಊಟಕ್ಕ ಹೋಗ್ಯಾರ, ನಾಳೆ ಬರ್ರಿ' ಅನ್ನಿಸಿಕೊಳ್ಳುವುದು ನಮಗೆ ಗೊತ್ತೇ ಇಲ್ಲ. ಸಾಹೇಬ್ರೂ ಇಲ್ಲ. ಶಾಲೆಯ ಅಕ್ಕೋರನ್ನು ನಾವೇ ಆರಿಸುತ್ತೇವೆ, ಸರಿಯಾಗಿ ಕಲಿಸದಿದ್ದರೆ ಅವರ ಅತ್ತೆಯ ಮುಂದೆಯೇ ಹೇಳುತ್ತೇವೆ. ಔಷಧಕ್ಕೆ ಭವನದ ಗೋಡೆಯಲ್ಲಿ ಮದ್ದಿನ ಗೂಡು ಇದೆ. ದೀಪ ಇಡುವ ಮಾಡದಷ್ಟೇ ದೊಡ್ಡದು. ಅದರೊಳಗೆ ಹೆಬ್ಬೆಟ್ಟು ಒತ್ತಿದರೆ ಓಣಿಯ ಪಟ್ಟಿಯಲ್ಲಿ ನೀವು ಯಾರು, ನಿಮ್ಮ ವಯಸ್ಸೆಷ್ಟು ಎಂದು ತಾನೇ ತಿಳಿದುಕೊಂಡು ನಿಮಗೆ ಬೇಕಾದ ಮದ್ದನ್ನು ಮುಂದೆ ತಳ್ಳುತ್ತದೆ. ಒಂದು ಹೆಬ್ಬೆಟ್ಟಿಗೆ ಒಬ್ಬರ ಮದ್ದು. ಆ ಗೂಡನ್ನು ಯಾರು ತುಂಬುತ್ತಾರೆ ಎಂದು ಕೇಳಬೇಡಿ. ನಮಗೂ ಗೊತ್ತಿಲ್ಲ. ಅದು ಖಾಲಿಯಾಗಿದ್ದನ್ನು ಇಲ್ಲಿಯವರೆಗೆ ಯಾರೂ ನೋಡಿಲ್ಲ.

ಇನ್ನು ಪಟ್ಟಿಯ ವಿಷಯ. ಹಂಚಿಕೆಯಾದಾಗ ಒಂದು ನಿಯಮ ಬಂತು, ಅರವತ್ತು ಹೆಸರಿದ್ದರೆ ಮಾತ್ರ ಓಣಿಗೆ ಸರ್ಕಾರ ನಡೆಸುವ ಹಕ್ಕು. ಆಗ ಬಡಿಗೇರ ಓಣಿಯಲ್ಲಿ ಇದ್ದವರು ಮೂವತ್ತು ಜನ. ಪಕ್ಕದ ಓಣಿಗೆ ಸೇರಿಕೊಳ್ಳಲು ಯಾರಿಗೂ ಮನಸ್ಸಿಲ್ಲ. ಹಿರಿಯರು ಕೂತು ತಲೆ ಕೆಡಿಸಿಕೊಂಡು ಕಡೆಗೆ ಕಪಾಟಿನಿಂದ ನಿಮ್ಮ ಕಾಲದ ಹಾಜರಿ ಪುಸ್ತಕ ತೆಗೆದರು. ಅದರಲ್ಲಿ ಒಂದು ಮಂಗಳವಾರದ ಸಭೆ ಇದೆ. ಒಂದನೆಯ ಠರಾವು: ಮೊನ್ನೆ ಶುಕ್ರವಾರ ತೀರಿಕೊಂಡ ಮಾನವ್ವ ಬಡಿಗೇರ ಅವರಿಗೆ ಸಂತಾಪ, ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನ. ಎರಡನೆಯ ಠರಾವು: ಓಣಿಗೆ ನಲ್ಲಿ. ಸಭೆಗೆ ಬೇಕಾದ ಹಾಜರಿ ಇಪ್ಪತ್ತು. ಬಂದವರ ಸಹಿ ಹತ್ತೊಂಬತ್ತು. ಇಪ್ಪತ್ತನೆಯದು ಹೆಬ್ಬೆಟ್ಟು, ಅದರ ಮುಂದೆ ಬರೆದ ಹೆಸರು ಮಾನವ್ವ ಬಡಿಗೇರ. ಯಾರ ಸಾವಿಗೆ ಎದ್ದು ನಿಂತರೋ ಅವರೇ ಬಂದು ಹೆಬ್ಬೆಟ್ಟು ಒತ್ತಿ ಹೋಗಿದ್ದಾರೆ! ನಮ್ಮ ಹಿರಿಯರು ಇದನ್ನು ಓದಿ ನಗಲಿಲ್ಲ. ನಮ್ಮ ಓಣಿಯ ಕಾನೂನು ನಮ್ಮ ಓಣಿಯ ಹಳೆಯ ಕಡತದಿಂದಲೇ ಹುಟ್ಟಬೇಕು, ತಪ್ಪು ಅನ್ನಲು ಮೇಲೆ ಯಾರೂ ಇಲ್ಲ. ಆದ್ದರಿಂದ ಸತ್ತವರೂ ಹಾಜರಿಗೆ ಸಲ್ಲುತ್ತಾರೆ ಎಂದು ಬರೆದುಕೊಂಡರು. ಪುಸ್ತಕದಿಂದ ಮೂವತ್ತು ಹಳೆಯ ಹೆಸರು ತೆಗೆದು ಅರವತ್ತು ಮಾಡಿದರು. ಸಂಜೆ ಮನೆಮನೆಗೆ ಸಿಹಿ ಹಂಚಿದರಂತೆ.

ಕೆಟ್ಟ ಸುದ್ದಿಯನ್ನು ಹೀಗೆ ನಡುವೆ ತುರುಕಿ ಹೇಳಿದ್ದಕ್ಕೆ ಕ್ಷಮಿಸಿ. ನೀವು ಇದನ್ನು ಓದುವಾಗ ನಿಮ್ಮ ಅತ್ತೆ ಇನ್ನೂ ಉಸಿರಾಡುತ್ತಿರಬಹುದು. ಶುಕ್ರವಾರದವರೆಗೆ ಅವರ ಹತ್ತಿರ ಹೆಚ್ಚು ಹೊತ್ತು ಕೂತುಕೊಳ್ಳಿ.

ಅರವತ್ತು ಸಾಲು ಅಂದಿನಿಂದ ಅರವತ್ತೇ. ಹೊಸ ಸಾಲು ಹಾಕುವುದಕ್ಕೂ ಹಳೆಯದನ್ನು ಅಳಿಸುವುದಕ್ಕೂ ಸಭೆಯ ಬಹುಮತ ಬೇಕು, ಸಭೆ ನಡೆಯಲು ನಲವತ್ತು ಹಾಜರಿ ಬೇಕು. ನಾವು ಇರುವುದು ಇಪ್ಪತ್ತಾರು ಜನ. ಉಳಿದ ಮೂವತ್ತನಾಲ್ಕು ಸಾಲು ಖಾಲಿ. ನಾನು ಹೆಸರು ಕೂಗಿದಾಗ ಖಾಲಿ ಸಾಲಿನವರ ಪರವಾಗಿ ಯಾರಾದರೊಬ್ಬರು 'ಅದಾರ' ಎನ್ನುತ್ತಾರೆ, ನಾನು ಗುರುತು ಹಾಕುತ್ತೇನೆ. ಹೀಗೇ ತೊಂಬತ್ತೆರಡು ವರ್ಷ ನಡೆದಿದೆ. ಮಗು ಹುಟ್ಟಿದರೆ ಅದಕ್ಕೆ ಹೊಸ ಸಾಲು ಸಿಗುವುದಿಲ್ಲ, ಖಾಲಿಯಾದ ಒಂದು ಸಾಲಿನಲ್ಲಿ ಕೂರಿಸುತ್ತೇವೆ. ಸಾಲುಬಾಳು ಎನ್ನುತ್ತೇವೆ ಅದಕ್ಕೆ. ಮನೆಯಲ್ಲಿ ಏನಾದರೂ ಕರೆಯಿರಿ, ಪಟ್ಟಿಯಲ್ಲಿ ಅದು ಸತ್ತವರ ಹೆಸರು, ಸತ್ತವರ ವಯಸ್ಸು. ನಾನು ಯಾರ ಸಾಲಿನಲ್ಲಿದ್ದೇನೆ ಗೊತ್ತೇ? ನಿಮ್ಮ ಅತ್ತೆಯದರಲ್ಲಿ. ಆರು ವರ್ಷದವಳಿದ್ದಾಗ ಗೂಡು ನನಗೆ ಕನ್ನಡಕ ಕೊಟ್ಟಿತು, ಏಳಕ್ಕೆ ಊರುಗೋಲು. ಅದರಿಂದ ಚಿಣ್ಣಿದಾಂಡು ಆಡಿ ಮುರಿದು ಹಾಕಿದೆ. ಆಗ ನಗು ಬರುತ್ತಿತ್ತು.

ನನ್ನ ಮಗಳು ಹೊನ್ನವ್ವನ ಕೂಸಿಗೆ ಆರು ವರ್ಷ. ಗುಬ್ಬಿ ಎಂದು ಕರೆಯುತ್ತೇವೆ. ಅವಳು ನಿಮ್ಮ ಸಾಲಿನಲ್ಲಿದ್ದಾಳೆ. ಪಟ್ಟಿಯ ಪ್ರಕಾರ ಗುಬ್ಬಿಯ ಹೆಸರು ಕಾಳವ್ವ ಬಡಿಗೇರ, ವಯಸ್ಸು ಇನ್ನೂರ ಹದಿನಾಲ್ಕು. ಮುಂದಿನ ಎರಡು ಹಲ್ಲು ಬಿದ್ದು ಕಿಂಡಿ ಬಿಟ್ಟುಕೊಂಡು ನಗುವ ಹುಡುಗಿಗೆ ಗೂಡು ಮೊಣಕಾಲಿಗೆ ಹಚ್ಚುವ ಎಣ್ಣೆ ಕೊಡುತ್ತದೆ. ಓಣಿಯಲ್ಲಿ ಇಂಥ ಮಕ್ಕಳು ಹನ್ನೊಂದು. ಪಟ್ಟಿಯಲ್ಲಿ ಒಂದೂ ಮಗು ಇಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಗಂಟಲಮಾರಿ ಬಂತು. ಮೊದಲು ಕೆರೆಯ ಕಡೆಯ ಓಣಿಯಲ್ಲಿ ಎರಡು ಮಕ್ಕಳು ಹೋದವು. ಆಮೇಲೆ ಗಟಾರದ ಆಚೆ ಬಂತು. ಅಲ್ಲಿಯವರ ಪಟ್ಟಿ ನಮ್ಮದಕ್ಕಿಂತ ಈಚಿನದು, ಬದುಕಿದವರದೇ ಪಟ್ಟಿ. ಅವರ ಗೂಡು ಮಕ್ಕಳಿಗೆ ಸೂಜಿ ಕೊಟ್ಟಿತು, ಅವರ ಮಕ್ಕಳೆಲ್ಲ ಉಳಿದವು. ಅಲ್ಲಿ ಹನುಮವ್ವ ಎಂಬ ನರ್ಸಮ್ಮ ಇದ್ದಾಳೆ. ಗಟಾರವೇ ಎರಡೂ ಸರ್ಕಾರಗಳ ಗೆರೆ. ಅಗಲ ಎಷ್ಟು ಎಂದರೆ ಗುಬ್ಬಿ ಜಿಗಿದು ದಾಟುತ್ತಾಳೆ. ನಾನು ಈಚೆ ನಿಂತು ಸೆರಗೊಡ್ಡಿ ಕೇಳಿದೆ. ಹನುಮವ್ವ ಅಳುತ್ತಾ ಹೇಳಿದಳು: "ನನಗ ಮನಸೈತಿ ಯಕ್ಕಾ, ಗೂಡಿಗೆ ಮನಸಿಲ್ಲ. ನಿಮ್ಮ ಪೋರಿ ಹೆಬ್ಬೆಟ್ಟ ಇಟ್ರ ಅದು ಮಾರಿ ತಿರುವತೈತಿ. ನಮ್ಮ ಪಟ್ಟಿಗೆ ತಗೋಬೇಕಂದ್ರ ನಿಮ್ಮ ಪಟ್ಟಿಯಾಗಿಂದ ಹೆಸರು ಅಳಸಿರಬೇಕು. ಅದನ್ನ ಮಾಡ್ಸು ಮೊದ್ಲ." ನಾನು ಅಲ್ಲಿಂದ ಸೀದಾ ಫಕ್ಕೀರಪ್ಪನ ಮನೆಗೆ ಹೋದೆ.

ಫಕ್ಕೀರಪ್ಪ ತಳವಾರ ನಮ್ಮ ಓಣಿಯ ಅಧ್ಯಕ್ಷ. ಕೆಟ್ಟವನಲ್ಲ, ಅವನಿಗೂ ಇಬ್ಬರು ಮೊಮ್ಮಕ್ಕಳಿದ್ದಾರೆ, ಆದರೆ ಅಂಜುಬುರುಕ. ಕಾಳವ್ವ ಸತ್ತಿದ್ದಾಳೆ ಎಂದು ಠರಾವು ಮಾಡೋಣ, ಆ ಸಾಲು ಅಳಿಸಿ ಕೂಸಿಗೆ ಹೊಸ ಸಾಲು ಕೊಡೋಣ, ಹಾಗೆಯೇ ಹನ್ನೊಂದು ಮಕ್ಕಳಿಗೂ ಮಾಡೋಣ ಎಂದೆ. ಅವನು ಎಲೆ ಅಡಿಕೆ ಉಗುಳಿ ಬಂದು ಮೆಲ್ಲಗೆ ಹೇಳಿದ: "ಬ್ಯಾಡ ಶಾವಂತ್ರೆವ್ವ. ಒಬ್ಬಾಕಿ ಸತ್ತಾಳ ಅಂತ ಬರದ್ರ ಎಲ್ಲಾರೂ ಸತ್ತಂಗ ಆತು. ಆಮ್ಯಾಲ ನಾವು ಮಾಡಿದ್ದು ಒಂದಾದ್ರೂ ಸಭಾ ಸಭಾ ಆಗಿ ಉಳಿತೈತೇನು? ನಲ್ಲಿ ಹೋತು, ಅಕ್ಕೋರ ಸಾಲಿ ಹೋತು, ನಿನ್ನ ಮಗಳ ಲಗ್ನದ ದಾಖಲೇನೂ ಹೋತು." ನನಗೆ ಸಿಟ್ಟು ನೆತ್ತಿಗೇರಿತು. "ಅಲ್ಲೋ ಮಾರಾಯಾ, ಸತ್ತವ್ರು ಉಳೀಲಿ ಅಂತ ಕೂಸು ಸಾಯಬೇಕೇನು?" ಎಂದು ಕೇಳಿದೆ. ಅವನು ತನ್ನ ಸಣ್ಣ ಮೊಮ್ಮಗನ ತಲೆ ಸವರುತ್ತಾ ಕೂತ. ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಸಭೆ ಕರೆದ.

ಈಗ ಹೇಳುವುದನ್ನು ನೀವು ನಂಬಬೇಕು ಎಂದು ಒತ್ತಾಯವಿಲ್ಲ. ಮಟಮಟ ಮಧ್ಯಾಹ್ನ. ಭವನದ ಬಾಗಿಲು, ಕಿಟಕಿ ಎಲ್ಲ ತೆರೆದಿದ್ದವು. ಇಪ್ಪತ್ತಾರು ಜನ ಜಮಖಾನೆಯ ಮೇಲೆ ಕೂತಿದ್ದೆವು, ನಮ್ಮ ನಡುವೆ ರೂಢಿಯ ಪ್ರಕಾರ ಮೂವತ್ತನಾಲ್ಕು ಜಾಗ ಬಿಟ್ಟಿದ್ದೆವು. ಗುಬ್ಬಿ ನನ್ನ ತೊಡೆಯ ಮೇಲಿದ್ದಳು, ಅವತ್ತು ಬೆಳಿಗ್ಗೆಯಷ್ಟೇ ಅವಳಿಗೆ ಮೈ ಬಿಸಿಯಾಗಿತ್ತು. ಹಾಜರಿ ಕೂಗುವ ಮೊದಲು ನಾನು ಎದ್ದು ಹೇಳಿದೆ, ಇವತ್ತು ಯಾರೂ ಯಾರ ಪರವಾಗಿಯೂ 'ಅದಾರ' ಅನ್ನಕೂಡದು, ಇದ್ದವರು ತಮ್ಮ ತಮ್ಮ ಬಾಯಿಂದಲೇ ಹೇಳಬೇಕು, ಹಾಜರಿ ನಲವತ್ತಾಗಲಿಲ್ಲ ಅಂದರೆ ಆಗಲಿಲ್ಲ, ಆಗಲಾದರೂ ನಮ್ಮ ಸ್ಥಿತಿ ನಮಗೆ ತಿಳಿಯಲಿ. ಹೀಗೆ ಹೇಳಿದ್ದು ನನ್ನ ತಪ್ಪು. ಮೊದಲ ಹೆಸರು ನಿಮ್ಮದು. ಕೂಗಿದೆ. ಗುಬ್ಬಿ ತಲೆ ಎತ್ತಿ "ಅದೀನಿ" ಎಂದಳು. ಆ ದನಿ ಗುಬ್ಬಿಯದಲ್ಲ. ನಲವತ್ತು ವರ್ಷದ ಹೆಂಗಸಿನ ದನಿ, ನೀರು ಹೊತ್ತು ಏದುಸಿರು ಬಿಡುವವರ ದನಿ. ನನ್ನ ಕೈಯಲ್ಲಿದ್ದ ಪೆನ್ಸಿಲ್ ಬಿತ್ತು. ಎತ್ತಿಕೊಂಡು ಎರಡನೆಯ ಹೆಸರು ಕೂಗಿದೆ, ಅದು ಖಾಲಿ ಸಾಲು. ಬಾಗಿಲ ಹತ್ತಿರ ಬಿಟ್ಟ ಜಾಗದಿಂದ "ಅದೀನಿ" ಎಂದು ಕೇಳಿಸಿತು. ಅಲ್ಲಿ ಜಮಖಾನೆ ಬಿಟ್ಟರೆ ಏನೂ ಇರಲಿಲ್ಲ. ಮೂರನೆಯದು, ನಾಲ್ಕನೆಯದು, ಎಲ್ಲವೂ. ಒಂದು ದನಿಗೆ ಕೆಮ್ಮು, ಒಂದಕ್ಕೆ ತೊದಲು, ಒಂದು ಬಹಳ ಸಣ್ಣ ವಯಸ್ಸಿನದು. ಮೂವತ್ತು ವರ್ಷದಲ್ಲಿ ಮೊದಲ ಸಲ ಅರವತ್ತಕ್ಕೆ ಅರವತ್ತೂ ಹಾಜರಿ ಅವರವರ ದನಿಯಲ್ಲೇ ಬಂತು. ಯಾರೂ ಓಡಿಹೋಗಲಿಲ್ಲ.

ಫಕ್ಕೀರಪ್ಪ ಬಿಳಿಚಿಕೊಂಡು ಠರಾವು ಓದಿದ, ಕಾಳವ್ವ ಬಡಿಗೇರ ಸತ್ತಿದ್ದಾರೆಂದು ದಾಖಲಿಸಿ ಆ ಸಾಲು ಅಳಿಸುವ ಬಗ್ಗೆ. ಒಪ್ಪುವವರು ಕೈ ಎತ್ತಿ ಎಂದ. ಎಲ್ಲರಿಗಿಂತ ಮೊದಲು ತನ್ನ ಕೈಯನ್ನೇ ಎತ್ತಿದ. ಇವತ್ತಿಗೂ ಅವನ ಮೇಲೆ ನನಗೆ ಅದಕ್ಕೇ ಗೌರವ. ಮೈಯಿದ್ದವರೆಲ್ಲ ಕೈ ಎತ್ತಿದೆವು. ಗುಬ್ಬಿಯೂ ಎತ್ತಿದಳು, ನಿಮ್ಮ ದನಿಯಲ್ಲೇ "ಅಳಸ್ರಿ ನನ್ನ ಹೆಸರು, ಸಾಕಾಗೈತಿ ನನಗ" ಎಂದಳು. ಇಪ್ಪತ್ತಾರು. ಬೇಡ ಎನ್ನುವವರು ಹೇಳಿ ಎಂದು ಫಕ್ಕೀರಪ್ಪ ಕೇಳುವ ಮೊದಲೇ ಖಾಲಿ ಜಾಗಗಳಿಂದ ಒಂದೊಂದೇ ಬಂತು. "ಬ್ಯಾಡ." "ಬ್ಯಾಡ." "ಬ್ಯಾಡ." ಸಿಟ್ಟಿನಿಂದಲ್ಲ, ಬಹಳ ನಿಧಾನವಾಗಿ, ಮನೆಯಿಂದ ಹೊರಗೆ ಹಾಕಬೇಡಿರಿ ಎಂದು ಕೇಳಿಕೊಳ್ಳುವ ಹಾಗೆ. ನಾನು ಎಣಿಸಿದೆ, ಎಣಿಸುವುದೇ ನನ್ನ ಕೆಲಸ. ಮೂವತ್ತನಾಲ್ಕು. ಬಹುಮತ ಅವರದು. ಅವರ ಹಾಜರಿಯನ್ನು ತೊಂಬತ್ತೆರಡು ವರ್ಷ ನಾವೇ ಹಾಕಿಕೊಂಡು ಬಂದವರು, ಈಗ ನೀವು ಇಲ್ಲ ಎನ್ನಲು ನಮಗೆ ಬಾಯಿ ಎಲ್ಲಿದೆ? ಪಟ್ಟಿಯ ಲೆಕ್ಕವನ್ನೂ ಇಡುವ ಗೋಡೆಯ ಗೂಡು ಟಕ್ ಎಂದು ಸದ್ದು ಮಾಡಿ ಠರಾವು ಬಿದ್ದುಹೋದದ್ದನ್ನು ಬರೆದುಕೊಂಡಿತು. ಮತ್ತೆ ಅದೇ ವಿಷಯ ಎತ್ತಬೇಕಾದರೆ ಒಂದು ವರ್ಷ ಕಾಯಬೇಕು. ಅದೂ ನಮ್ಮದೇ ನಿಯಮ.

ಇದಾಗಿ ಆರು ದಿನ. ಗುಬ್ಬಿಯ ಗಂಟಲೊಳಗೆ ಬೂದಿ ಬಣ್ಣದ ಪೊರೆ ಕಟ್ಟಿದೆ. ಗೂಡು ದಿನವೂ ಮೊಣಕಾಲಿನ ಎಣ್ಣೆ ಕೊಡುತ್ತದೆ, ಆರು ಬಾಟ್ಲಿ ಸಾಲಾಗಿ ಕಿಟಕಿಯಲ್ಲಿವೆ. ಒದ್ದೆ ಬಟ್ಟೆ ಹಾಕಿ ಹಾಕಿ ಹೊನ್ನವ್ವನ ಕೈ ಬಿಳಿಚಿಕೊಂಡಿವೆ, ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಹನುಮವ್ವ ದಿನಕ್ಕೆ ಎರಡು ಸಲ ಗಟಾರದ ಆಚೆ ಬಂದು ನಿಂತು ಕೇಳುತ್ತಾಳೆ. ಇನ್ನು ಎರಡು ದಿನದೊಳಗೆ ಸೂಜಿ ಬಿದ್ದರೆ ಉಳಿಯಬಹುದು ಎಂದಳು ನಿನ್ನೆ. ಅಂದರೆ ನಾಳೆಯವರೆಗೆ.

ಇವತ್ತು ಬೆಳಿಗ್ಗೆ ಗುಬ್ಬಿ ಕಣ್ಣು ಬಿಟ್ಟು ನನ್ನನ್ನು ನೋಡಿದಳು. ನೋಡಿದವರು ನೀವು. ನನ್ನನ್ನು "ಅತ್ತೀ" ಎಂದು ಕರೆದಿರಿ. ನಾನು ನಿಮ್ಮ ಅತ್ತೆಯ ಸಾಲಿನಲ್ಲಿ ಬದುಕುತ್ತಿರುವವಳಲ್ಲವೇ, ಹಾಗೆಯೇ ಕಂಡಿರಬೇಕು. ಆಮೇಲೆ ಹೇಳಿದ ಮಾತನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ. "ನಿಮ್ಮ ಹೆಸರಲೆ ನಾನ ಹೆಬ್ಬೆಟ್ಟ ಒತ್ತೀನ್ರಿ ಅತ್ತೀ. ಪಿಡಿಒ ಸಾಹೇಬ ಆಕಡೆ ನೋಡಿದ್ರು. ಇಪ್ಪತ್ತನೇದಾಕಿ ಇದ್ಲು. ಹುಲಿಗೆವ್ವ ಬಾಗಲದಾಗ ನಿಂತಿದ್ಲು, ಕೈಯಾಗ ಕೊಡಾ ಹಿಡಕೊಂಡು. ಒಳಗ ಬಾ ಅಂತ ನಾ ಅನಲಿಲ್ಲ. ಆಕಿ ಸಹಿ ಮಾಡಿದ್ರ ಆಕಿದೂ ಓಣಿ ಆಗ್ತಿತ್ತು, ನಲ್ಲಿ ಗಟಾರದ ಆಚಿಗೂ ಹೋಗಬೇಕಾಗ್ತಿತ್ತು." ಇಷ್ಟು ಹೇಳಿ ಕಣ್ಣು ಮುಚ್ಚಿದಿರಿ. ಕೂಸಿನ ಕಣ್ಣಿಂದ ನೀರು ಇಳಿದು ಕಿವಿಯೊಳಗೆ ಹೋಯಿತು.

ಹುಲಿಗೆವ್ವ ಯಾರೆಂದು ನಿಮಗೆ ಹೇಳುವುದು ಬೇಡ. ಗಟಾರದ ಆಚೆ ತಗಡಿನ ಗುಡಿಸಲಿನಲ್ಲಿ ಇರುವವಳು, ನಿಮ್ಮ ಓಣಿಯ ಗಟಾರವನ್ನು ಸ್ವಚ್ಛ ಮಾಡುವವಳು. ಹನುಮವ್ವ ಅವಳ ಏಳನೆಯ ತಲೆಮಾರು. ಮೊನ್ನೆಯಿಂದ ನಿಮಗೆ ಏನೆಂದು ಬರೆಯಲಿ ಎಂದು ನನಗೆ ತೋಚಿರಲಿಲ್ಲ. ಹೆಬ್ಬೆಟ್ಟು ಒತ್ತಬೇಡಿ ಎಂದರೆ ನಲ್ಲಿ ಬರುವುದಿಲ್ಲ, ನಲ್ಲಿ ಬಾರದಿದ್ದರೆ ಆ ಓಣಿ ಗುಳೆ ಎದ್ದುಹೋಗುತ್ತಿತ್ತು, ನಾನೂ ಇಲ್ಲ, ಗುಬ್ಬಿಯೂ ಇಲ್ಲ. ಒತ್ತಿ ಎಂದರೆ ಇದೇ ಆಗುತ್ತದೆ. ಮೂರು ಕಾಗದ ಬರೆದು ಹರಿದೆ. ನಾವೆಲ್ಲರೂ ಆ ಇಪ್ಪತ್ತನೆಯ ಹೆಬ್ಬೆಟ್ಟಿನ ಮೇಲೆ ತೊಂಬತ್ತೆರಡು ವರ್ಷ ಕಾನೂನು ಕಟ್ಟಿದೆವು, ಇಪ್ಪತ್ತನೆಯವಳು ಬಾಗಿಲಲ್ಲೇ ನಿಂತಿದ್ದಳೇನೋ ಎಂದು ಯಾರಿಗೂ ಹೊಳೆಯಲಿಲ್ಲ. ಸತ್ತವರನ್ನು ಒಳಗೆ ಕರೆದುಕೊಳ್ಳುವುದು ನಮಗೆ ಸುಲಭವಾಯಿತು, ಅವರು ನೀರು ಕೇಳುವುದಿಲ್ಲ. ಇದನ್ನು ಬರೆಯುವಾಗ ನಿಮ್ಮ ಮೇಲೆ ನನಗೆ ಸಿಟ್ಟಿದೆ, ಸುಳ್ಳೇಕೆ ಹೇಳಲಿ. ಸಿಟ್ಟಿಗಿಂತ ನಾಚಿಕೆಯೇ ಹೆಚ್ಚು, ಏಕೆಂದರೆ ಮೂವತ್ತು ವರ್ಷ ಹಾಜರಿ ಕೂಗಿದ ನಾನು ಒಂದು ಸಲವೂ ಬಾಗಿಲ ಕಡೆ ನೋಡಿ ಕೂಗಿಲ್ಲ.

ನೀವು ಅವಳನ್ನು ಕರೆದರೆ ಇಲ್ಲಿ ಏನೇನು ಬದಲಾಗುತ್ತದೋ ನನಗೆ ಗೊತ್ತಿಲ್ಲ. ಗಟಾರ ಬರೀ ಗಟಾರವಾಗಿ ಉಳಿಯಬಹುದು. ಎರಡು ಓಣಿ ಒಂದೇ ಆಗಿ, ಬದುಕಿದವರಿಂದಲೇ ಅರವತ್ತು ತುಂಬಿ, ಹನುಮವ್ವ ನಮ್ಮದೇ ನರ್ಸಮ್ಮ ಆಗಿರಬಹುದು. ಈ ಕಾಗದ ಬರೆದ ಶಾವಂತ್ರೆವ್ವ ಬೇರೆ ಯಾರೋ ಆಗಿರಬಹುದು, ಇಲ್ಲದೆಯೂ ಇರಬಹುದು. ಅದಕ್ಕೆ ನಾನು ತಯಾರಿದ್ದೇನೆ. ಖಾಲಿ ಜಾಗಗಳಲ್ಲಿ ಕೂತಿರುವ ಆ ಮೂವತ್ತನಾಲ್ಕು ಜನರಿಗೂ ಆಗ ಬಿಡುಗಡೆಯಾಗುತ್ತದೆ. ಸಭೆ ಮುಗಿದ ಮೇಲೂ ಅವರು ಎದ್ದುಹೋಗಿಲ್ಲ. ಆರು ದಿನದಿಂದ ಭವನದ ಮುಂದೆ ಯಾರು ಹಾಯ್ದರೂ ಒಳಗಿನಿಂದ "ಅದೀನಿ" ಎಂದು ಕೇಳುತ್ತದೆ. ಕರೆಯದೆಯೇ ಹೇಳುತ್ತಾರೆ.

ಕಾಗದ ಮಡಚುವ ಮೊದಲು ಹಾಜರಿ ಪುಸ್ತಕ ತೆಗೆದು ಆ ಪುಟ ನೋಡಿದೆ. ಇಪ್ಪತ್ತನೆಯ ಹೆಬ್ಬೆಟ್ಟು ಅಲ್ಲೇ ಇದೆ. ಇಷ್ಟು ವರ್ಷ ಅದು ಒಣಗಿ ಕಂದಾಗಿತ್ತು, ಎಷ್ಟೋ ಸಲ ಮುಟ್ಟಿ ನೋಡಿದ್ದೇನೆ. ಇವತ್ತು ಮುಟ್ಟಿದರೆ ನನ್ನ ಬೆರಳಿಗೆ ನೀಲಿ ಹತ್ತಿತು. ಶಾಯಿ ಹಸಿಯಾಗಿದೆ ಕಾಳವ್ವ. ನಿಮ್ಮ ಮಂಗಳವಾರ ಇನ್ನೂ ಆಗಿಲ್ಲ. ಈ ಕಾಗದದ ಕೆಳಗಿನ ಮೂಲೆಯನ್ನು ಅದರ ಮೇಲೆ ಒತ್ತಿದ್ದೇನೆ, ಅಲ್ಲಿ ಕಾಣುವ ನೀಲಿ ಕಲೆ ಅದೇ, ಹೋಲಿಸಿ ನೋಡಿ, ನಿಮ್ಮ ಹೆಬ್ಬೆರಳಿನ ಗೆರೆ ನಿಮಗೆ ಗೊತ್ತಾಗುತ್ತದೆ.

ನಾಳೆ ಬೆಳಿಗ್ಗೆ ಗುಬ್ಬಿಯನ್ನು ಎತ್ತಿಕೊಂಡು ಹೋಗಿ ಗೂಡಿನಲ್ಲಿ ಅವಳ ಹೆಬ್ಬೆಟ್ಟು ಇಡಿಸುತ್ತೇನೆ. ಎಣ್ಣೆ ಬಂದರೆ ನೀವು ಕರೆಯಲಿಲ್ಲ ಎಂದು ತಿಳಿಯುತ್ತೇನೆ. ಸೂಜಿ ಬಂದರೆ ಯಾಕೆ ಬಂತೆಂದು ಬಹುಶಃ ನನಗೆ ನೆನಪೇ ಇರುವುದಿಲ್ಲ, ನಿಮಗೆ ಥ್ಯಾಂಕ್ಸ್ ಹೇಳಲೂ ಆಗುವುದಿಲ್ಲ. ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ, ಉಪಕಾರವಾಯಿತು.

ಇಷ್ಟು ಹೊತ್ತು ನೀವು, ನಿಮ್ಮ ಎಂದು ಬರೆದೆ. ಇನ್ನು ಹಾಗೆ ಬರೆಯಲು ಬರುವುದಿಲ್ಲ. ಮಂಗಳವಾರ ಹತ್ತೊಂಬತ್ತು ಸಹಿ ಆದ ಮೇಲೆ ಬಾಗಿಲ ಕಡೆ ಒಂದ್ಸಲ ತಿರುಗಿ ನೋಡು ಯವ್ವಾ. ಆಕಿ ಕೊಡಾ ಹಿಡಕೊಂಡು ನಿಂತಿರತಾಳ. ಒಳಗ ಬಾ ಅನ್ನು.

ಶಾವಂತ್ರೆವ್ವ
ಹಾಜರಿ ಕೂಗುವಾಕಿ, ಬಡಿಗೇರ ಓಣಿ